ಪೆಟ್ಟಿಗೆಯೊಳಗಿನ ಪೆಟ್ಟಿಗೆ

ಹೆಸರಿಗೆ ಸಾಂತಾಕ್ರೂಜ್, ಇರುವುದು ಅಂಧೇರಿ ಪೂರ್ವದಲ್ಲಿ. 1973ರಲ್ಲಿ ಆರಂಭವಾದ ಸಾಂತಾಕ್ರೂಜ್ ಇಲೆಕ್ಟ್ರಾನಿಕ್ಸ್ ರಫ್ತು ಸಂಸ್ಕರಣ ವಲಯವನ್ನು ನಮ್ಮ ಉಪನಗರದ ಕನ್ನಡಿಗರು 'ಸೀಪ್ಜ್' ಎಂದೇ ಬಲ್ಲರು. ಆ ದಶಕದ ಕೊನೆಗೆ ಟಾಟಾ-ಬರೋಸ್ ಸಂಸ್ಥೆ ಇಲ್ಲಿ ನೆಲೆಯೂರಿ, ಗಣಕಯಂತ್ರಗಳಿಗೆ ಕ್ರಮವಿಧಿ ಬರೆದು ಪರದೇಶಕ್ಕೆ ಕಳುಹಿಸತೊಡಗಿತು. ಬರೋಸ್ ಎಂಬ ಹೆಸರು ನಮ್ಮ ಇಂದಿನ ಕಥೆಗೆ ಬೇಕು. ಆ ಅಮೆರಿಕನ್ ಕಂಪನಿ 1961ರಲ್ಲಿ ಹೊರಗೆಡಹಿದ ಬಿ 5000 ಯಂತ್ರದಲ್ಲಿ 'ಸ್ಟ್ಯಾಕ್' ಎಂಬುದು ಯಂತ್ರದ ಮೈಯಲ್ಲೇ ಸೇರಿತ್ತು. ಅಡುಗೆಮನೆಯ ತಟ್ಟೆಗಳ ಅಟ್ಟಿಯಂತೆ, ಕೊನೆಗೆ ಇಟ್ಟದ್ದು ಮೊದಲು ಕೈಗೆ. ಒಂದು ವಿಧಿ ತನ್ನನ್ನೇ ತಾನು ಕರೆದು, ಮುಗಿಸಿ, ಬಿಟ್ಟ ಜಾಗಕ್ಕೆ ಮರಳಲು ಇಂಥ ನೆನಪು ಬೇಕೇ ಬೇಕು.

ಎಲ್ಲಿ ಬೇಕು ಎನ್ನುವಿರಾ? ಕಡತಗಳನ್ನು ಡೈರೆಕ್ಟರಿಯೊಳಗೆ, ಅದನ್ನು ಮತ್ತೊಂದರೊಳಗೆ, ಹೀಗೆ ಮರದಂತೆ ಇಡುವ ಏರ್ಪಾಟನ್ನು ಮಲ್ಟಿಕ್ಸ್ ವ್ಯವಸ್ಥೆಗಾಗಿ ಡೇಲಿ ಮತ್ತು ನ್ಯೂಮನ್ 1965ರಲ್ಲೇ ವಿವರಿಸಿದ್ದರು; ಮೀಸಲು ಪ್ರತಿಯ ಚಿಂತೆಯೂ ಅದರಲ್ಲಿತ್ತು. ಪೆಟ್ಟಿಗೆಯೊಳಗೆ ಪೆಟ್ಟಿಗೆ ಎಷ್ಟಿದೆಯೋ ಮೊದಲೇ ತಿಳಿಯದು. ಆದ್ದರಿಂದ ಅಪ್ಪಣೆ ಒಂದೇ: ತೆರೆ, ಕಾಗದ ಸಿಕ್ಕರೆ ನಕಲು ಮಾಡು, ಪೆಟ್ಟಿಗೆ ಸಿಕ್ಕರೆ ಇದೇ ಅಪ್ಪಣೆಯನ್ನು ಅದಕ್ಕೂ ಅನ್ವಯಿಸು. ಒಂದು ಕೊಂಬೆ ತಪ್ಪಿದರೆ ಅದರ ಕೆಳಗಿನದೆಲ್ಲ ಹೋಯಿತು. ಅದು ಗೊತ್ತಾಗುವುದು ಡಿಸ್ಕು ಕೆಟ್ಟ ದಿನ.

1979ರ ಯುನಿಕ್ಸ್ ಏಳನೆಯ ಆವೃತ್ತಿಯೊಡನೆ ಬಂದ 'ಟಾರ್' ಕ್ರಮವಿಧಿ ಹೀಗೆಯೇ ಮರ ಸುತ್ತಿ ಟೇಪಿಗೆ ಬರೆಯುತ್ತಿತ್ತು. ಆಗ ಒಂದು ಕೆಲಸಕ್ಕೆ ಏಕಕಾಲದಲ್ಲಿ 20 ಕಡತಗಳನ್ನು ಮಾತ್ರ ತೆರೆದಿಡಬಹುದಿತ್ತು. ಮರ ಆಳವಾದರೆ ಗತಿ? ಟಾರ್ ಬರೆದವರು ಹೂಡಿದ ಉಪಾಯ ನಮ್ಮ ಶಾನುಭೋಗರದೇ: ಒಳಗಿನ ಪೆಟ್ಟಿಗೆಗೆ ಇಳಿಯುವ ಮೊದಲು ಈ ಪುಸ್ತಕ ಮುಚ್ಚಿಬಿಡು, ಎಷ್ಟನೆಯ ಸಾಲಿನಲ್ಲಿದ್ದೆ ಎಂದು ನೆನಪಿಟ್ಟುಕೋ, ಹಿಂತಿರುಗಿದಾಗ ಪುನಃ ತೆರೆದು ಆ ಸಾಲಿಗೆ ಹೋಗು. ನನಗೆ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣತನದ್ದು ಕಾಣಲಿಲ್ಲ.

ಒಂದೇ ಕಡತಕ್ಕೆ ಎರಡು ಹೆಸರಿರುವುದೂ ಉಂಟು, ಊರಲ್ಲಿ ಪುಟ್ಟಣ್ಣ, ಮುಂಬಯಿಯ ರೇಷನ್ ಕಾರ್ಡಿನಲ್ಲಿ ಬೇರೆಯೇ! ಅದನ್ನು ಕಡತದ ಒಳಸಂಖ್ಯೆಯಿಂದ ಗುರುತಿಸಿ ಒಂದೇ ಸಲ ನಕಲು ಮಾಡಿದರಾಯಿತು. ತೊಡಕಾದದ್ದು 1983ರ ಬರ್ಕ್ಲಿ ಯುನಿಕ್ಸ್ 4.2ರಲ್ಲಿ ಬಂದ ಸಾಂಕೇತಿಕ ಕೊಂಡಿ. ಅದು 'ಅಲ್ಲಿ ನೋಡು' ಎಂಬ ಚೀಟಿ ಮಾತ್ರ. ಉಡುಪಿಯ ಪೆಟ್ಟಿಗೆಯಲ್ಲಿ 'ಸಾಂತಾಕ್ರೂಜ್ ನೋಡು', ಸಾಂತಾಕ್ರೂಜಿನದರಲ್ಲಿ 'ಉಡುಪಿ ನೋಡು' ಎಂದಿದ್ದರೆ, ಚೀಟಿ ನಂಬಿ ಹೊರಟವನಿಗೆ ಪ್ರಯಾಣ ಮುಗಿಯದು. ಅದಕ್ಕೇ ಚೀಟಿಯನ್ನು ಚೀಟಿಯಾಗಿಯೇ ನಕಲು ಮಾಡಿ ಮುಂದೆ ಸಾಗುವ ರೂಢಿ ಬಿತ್ತು.

ಉಳಿದದ್ದು ಹೆಸರಿನ ಉದ್ದ. ಬುಡದಿಂದ ತುದಿಯವರೆಗಿನ ಪೂರ್ತಿ ವಿಳಾಸಕ್ಕೆ ಟಾರ್ ಇಟ್ಟ ಜಾಗ 100 ಅಕ್ಷರ ಮಾತ್ರ. 1988ರ ಪೋಸಿಕ್ಸ್ ಮಾನಕ ಮುಂಭಾಗಕ್ಕೆಂದು ಇನ್ನೂ 155 ಸೇರಿಸಿತು. ಅಷ್ಟರವರೆಗೆ ಮರದ ಅತ್ಯಂತ ಆಳದಲ್ಲಿದ್ದ ಕಡತಗಳಿಗೆ ಟೇಪಿನಲ್ಲಿ ಸ್ಥಳವಿರಲಿಲ್ಲ.