ಅಂಗನವಾಡಿಗೆ ಬೀಗ ಹಾಕುವ ಹೊತ್ತು ಯಾವುದು?

ನಮ್ಮೂರುಗಳಲ್ಲಿ ಅಂಗನವಾಡಿ ಬಾಗಿಲು ತೆಗೆಯುವುದು ಬೆಳಿಗ್ಗೆ ಒಂಬತ್ತೂವರೆಗೆ. ಹತ್ತು ನಿಮಿಷ ತಡವಾದರೆ ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಟೀಚರಮ್ಮನ ಕೆಲಸ ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ಯಾರೂ ಕೇಳುವುದಿಲ್ಲ. ಸಂಜೆ ನಾಲ್ಕಕ್ಕೆ ಬೀಗ ಬೀಳುತ್ತದೆ, ಕೆಲಸ ಮಾತ್ರ ಅವರ ಜೊತೆಗೇ ಮನೆಗೆ ಹೋಗುತ್ತದೆ. ಹೀಗೆ ಯಾಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಅಂಗಳದಿಂದ ಬಂದ ಹೆಸರು

ಅಂಗನ ಎಂದರೆ ನಮ್ಮ ಅಂಗಳವೇ. 1945ರ ಹೊತ್ತಿಗೆ ತಾರಾಬಾಯಿ ಮೋಡಕ್ ಮಹಾರಾಷ್ಟ್ರದ ಬೋರ್ಡಿ ಎಂಬ ಹಳ್ಳಿಗೆ ಬಂದು ಮಕ್ಕಳ ಕೇಂದ್ರ ಶುರು ಮಾಡಿದರು. ಅನುತಾಯಿ ವಾಘ್ ಅವರ ಜೊತೆಯಾದರು. ಬಡವರ ಮಕ್ಕಳು ಶಾಲೆಗೆ ಬರದಿದ್ದಾಗ ಇವರೇ ಆ ಮಕ್ಕಳ ಕೇರಿಗೆ ಹೋಗಿ ಅಂಗಳದಲ್ಲೇ ಪಾಠ, ಆಟ ನಡೆಸಿದರು. ಮುಂದೆ ಕೋಸಬಾಡದಲ್ಲಿ ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ಮಾಡಿದರು. ಮಕ್ಕಳ ಹೊತ್ತಿಗೆ ತಕ್ಕಂತೆ ಕೇಂದ್ರ ನಡೆಯಬೇಕು ಎನ್ನುವುದು ಅಲ್ಲಿ ಹುಟ್ಟಿದ ಒಳ್ಳೆಯ ಪಾಠ. ಆದರೆ ನಡೆಸುವವರ ಹೊತ್ತಿನ ಲೆಕ್ಕ ಅದರಲ್ಲಿ ಇರಲಿಲ್ಲ.

1975: ಸೇವೆ ಎಂಬ ಹೆಸರಿನ ಕೆಲಸ

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರು ಮಾಡಿತು. ದೇಶದಲ್ಲಿ 33 ಕಡೆ ಪ್ರಯೋಗ. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ, 100 ಅಂಗನವಾಡಿಗಳು.

ಕಾರ್ಯಕರ್ತೆಗೆ ಕೊಡುವ ಹಣವನ್ನು ಸಂಬಳ ಎನ್ನಲಿಲ್ಲ, ಗೌರವಧನ ಎಂದರು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ತಿಂಗಳಿಗೆ 150 ರೂಪಾಯಿ, ಆಗದವರಿಗೆ 100. ಊರಿನವಳೇ, ದಿನಕ್ಕೆ ನಾಲ್ಕೈದು ಗಂಟೆ ಸೇವೆ ಮಾಡುತ್ತಾಳೆ, ಸಾಕು ಎಂಬ ಲೆಕ್ಕ.

ಆದರೆ ವಹಿಸಿದ್ದು ಒಂದೇ ಕೆಲಸವಲ್ಲ, ಆರು: ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ತಿಳಿವಳಿಕೆ. ಚುಚ್ಚುಮದ್ದು, ತಪಾಸಣೆಗೆ ಆರೋಗ್ಯ ಇಲಾಖೆಯವರು ಬರುತ್ತಾರೆ, ನಿಜ. ಆದರೆ ತಾಯಂದಿರನ್ನು ಮನೆಮನೆಯಿಂದ ಕರೆದು ಸೇರಿಸುವವರು ಇವರೇ. ಕೂಲಿಗೆ ಹೋದ ತಾಯಿ ಮನೆಯಲ್ಲಿ ಸಿಗುವುದು ಬೆಳಿಗ್ಗೆ ಬೇಗ, ಇಲ್ಲವೇ ದೀಪ ಹಚ್ಚಿದ ಮೇಲೆ.

ಸೇರುತ್ತಾ ಹೋದ ಕೆಲಸಗಳು

ಆಮೇಲೆ ಒಂದೊಂದೇ ಸೇರಿತು. ಮತದಾರರ ಪಟ್ಟಿ, ಹಲವು ಸಮೀಕ್ಷೆಗಳು. 2013ರಲ್ಲಿ ಕ್ಷೀರಭಾಗ್ಯದ ಹಾಲು. 2017ರ ಅಕ್ಟೋಬರ್‌ನಿಂದ ರಾಜ್ಯದೆಲ್ಲೆಡೆ ಮಾತೃಪೂರ್ಣ, ಅಂದರೆ ಗರ್ಭಿಣಿ ಬಾಣಂತಿಯರಿಗೆ ಕೇಂದ್ರದಲ್ಲೇ ಬಿಸಿಯೂಟ. 2020ರಲ್ಲಿ ಕೊರೊನಾ ಬಂದಾಗ ಮನೆಮನೆ ಸುತ್ತಿದವರಲ್ಲಿ ಇವರೂ ಇದ್ದರು. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಒಂದೊಂದು ಯೋಜನೆಯೂ ಒಳ್ಳೆಯದೇ. ಹೊಸದು ಸೇರಿದಾಗ ಹಳೆಯದರಲ್ಲಿ ಯಾವುದು ಕಡಿಮೆ ಎಂದು ಮಾತ್ರ ಯಾರೂ ಹೇಳಲಿಲ್ಲ. ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. ಫೋನ್ ಮನೆಗೂ ಬರುತ್ತದೆ, ರಾತ್ರಿಯೂ ರಿಂಗಾಗುತ್ತದೆ.

ಕೋರ್ಟು ಏನೆಂದಿತು?

ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯವರಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ನಮ್ಮ ಕರ್ನಾಟಕದ್ದೇ ಪ್ರಕರಣ. 2017ರ ಮಾರ್ಚ್‌ನಲ್ಲಿ ಸಾವಿರಾರು ಕಾರ್ಯಕರ್ತೆಯರು, ಸಹಾಯಕಿಯರು ಬೆಂಗಳೂರಿಗೆ ಹೋಗಿ ಗೌರವಧನ ಹೆಚ್ಚಿಸಿ ಎಂದು ಹಗಲು ರಾತ್ರಿ ರಸ್ತೆಯಲ್ಲೇ ಕುಳಿತರು.

2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇವರಿಗೂ ಗ್ರಾಚ್ಯುಟಿ ಕೊಡಬೇಕು ಎಂದಿತು. ಇಷ್ಟೆಲ್ಲ ಜವಾಬ್ದಾರಿ ಹೊತ್ತವರ ಕೆಲಸವನ್ನು ಅರೆಕಾಲಿಕ ಎಂದು ಒಪ್ಪಲಾಗದು ಎಂದೂ ಹೇಳಿತು. ಹಣ ಕೊಡುವಾಗ ಸ್ವಲ್ಪ ಹೊತ್ತಿನ ಸೇವೆ, ಕೆಲಸ ಹೇಳುವಾಗ ಇಡೀ ದಿನ: ಈ ಎರಡು ಲೆಕ್ಕದ ಆಟವನ್ನು ಕೋರ್ಟು ಗುರುತಿಸಲು 47 ವರ್ಷ ಹಿಡಿಯಿತು.

ನಮ್ಮ ಪಾಲು ಎಷ್ಟು?

ಸರ್ಕಾರ ಮಾಡಬೇಕಾದ್ದು ಬಹಳಷ್ಟಿದೆ. ಹಾಗಂತ ಊರಿನವರ ಪಾಲು ಇಲ್ಲವೆಂದಲ್ಲ. ತಡವಾಗಿ ಬಂದು ಮಗು ಕರೆದೊಯ್ಯುವವರು ನಾವೇ. ಮೊಟ್ಟೆ ಯಾವಾಗ ಬರುತ್ತೆ ಎಂದು ರಾತ್ರಿ ಫೋನ್ ಮಾಡುವವರೂ ನಾವೇ. ಊರಿನ ಹೆಣ್ಣುಮಗಳು ತಾನೇ, ಬೇಜಾರು ಮಾಡಿಕೊಳ್ಳಲ್ಲ ಎಂಬ ಸಲುಗೆ ಅದು. ಊರಿನವಳಾದ್ದರಿಂದಲೇ ಅವರಿಗೆ 'ಈಗ ಆಗಲ್ಲ' ಎನ್ನುವುದು ಕಷ್ಟ.

ಕೂಲಿಯಿಂದ ಬರುವುದು ತಡವಾಗುವ ತಾಯಂದಿರ ಕಷ್ಟವೂ ನಿಜವೇ. ಅದಕ್ಕೆಂದೇ 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಘೋಷಣೆಯಾಯಿತು. ನಿಮ್ಮ ಪಂಚಾಯ್ತಿಯಲ್ಲಿ ಅದು ಇದೆಯೇ, ನಡೆಯುತ್ತಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಅಂಗನವಾಡಿ ತಾಯಂದಿರ ಸಭೆಯಲ್ಲಿ ಇನ್ನೊಂದು ಮಾತೂ ಆಗಲಿ: ಮಗುವನ್ನು ಕರೆದೊಯ್ಯುವ ಹೊತ್ತು ಯಾವುದು, ತಾಯಿ ಬರಲಾಗದಿದ್ದರೆ ಯಾರು ಬರುತ್ತಾರೆ, ಫೋನ್ ಮಾಡುವುದು ಎಷ್ಟು ಗಂಟೆಯವರೆಗೆ. ಗೋಡೆಯ ಮೇಲೆ ಬಾಗಿಲು ತೆಗೆಯುವ ಹೊತ್ತಿನ ಪಕ್ಕದಲ್ಲೇ ಇದನ್ನೂ ಬರೆಸಿ. ಅದನ್ನು ಟೀಚರಮ್ಮ ಒಬ್ಬರೇ ಹೇಳಿದರೆ ಜಂಬ ಎನ್ನುತ್ತಾರೆ. ಊರೇ ಕೂತು ಬರೆಸಿದರೆ ಅದು ಊರಿನ ನಿಯಮವಾಗುತ್ತದೆ.