ಈಜುಡುಪಿನ ನ್ಯಾಯ

ಗುರುವಾಯನಕೆರೆಗೆ ಹೆಸರು ಬಂದದ್ದೇ ಅಲ್ಲಿಯ ದೊಡ್ಡ ಕೆರೆಯಿಂದ. ಅಂಥ ಕೆರೆಗೆ ಸೀರೆಯುಟ್ಟು ಇಳಿದ ಹೆಂಗಸಿಗೆ ಒಂದು ಸಂಗತಿಯನ್ನು ಯಾವ ವಿಜ್ಞಾನಿಯೂ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದ ಬಟ್ಟೆ ಕಾಲಿಗೆ ಸುತ್ತಿಕೊಂಡು ಹಿಂದಕ್ಕೆಳೆಯುತ್ತದೆ. ಈಜುಡುಪಿನ ಚರಿತ್ರೆಯೆಂದರೆ ಈ ಎಳೆತವನ್ನು ಕಡಿಮೆ ಮಾಡಲು ಪಟ್ಟ ಪಾಡು.

ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಈಜಲು ಅವಕಾಶ ಸಿಕ್ಕಿದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಅಲ್ಲಿ 100 ಮೀಟರ್ ಗೆದ್ದ ಆಸ್ಟ್ರೇಲಿಯದ ಫ್ಯಾನಿ ಡ್ಯುರಾಕ್ ಹೊರಡುವ ಮೊದಲೇ ಊರಲ್ಲಿ ದೊಡ್ಡ ಗಲಾಟೆ. ಗಂಡಸರು ನೋಡುವಲ್ಲಿ ಹೆಂಗಸರು ಈಜಕೂಡದೆಂದು ಅಲ್ಲಿಯ ಈಜು ಸಂಘದ ಕಟ್ಟಳೆ. ಆ ಸಂಘ ಹೆಂಗಸರದ್ದೇ ಎನ್ನುವುದು ಬೇರೆ ಮಾತು!

1973ರಲ್ಲಿ ಬೆಲ್‌ಗ್ರೇಡಿನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿಗೆ ಪೂರ್ವ ಜರ್ಮನಿಯ ಹುಡುಗಿಯರು ಮೈಗಂಟಿದ ತೆಳು ಉಡುಪಿನಲ್ಲಿ ಬಂದು 14ರಲ್ಲಿ 10 ಚಿನ್ನ ಗೆದ್ದರು. ಉಳಿದವರೂ ಆ ಬಟ್ಟೆಯ ಹಿಂದೆ ಬಿದ್ದರು. ಆ ದೇಶ ತನ್ನ ಹುಡುಗಿಯರಿಗೆ ಮದ್ದು ತಿನ್ನಿಸುತ್ತಿತ್ತೆಂಬ ಕಥೆ ಬರ್ಲಿನ್ ಗೋಡೆ ಬಿದ್ದ ಮೇಲಷ್ಟೇ ಪೂರ್ತಿ ಹೊರಬಿತ್ತು.

ಆದರೆ 2008ರಲ್ಲಿ ಸ್ಪೀಡೊ ಕಂಪೆನಿ ತಂದ ಎಲ್‌ಜೆಡ್‌ಆರ್ ರೇಸರ್ ಉಡುಪಿನ ಗುಟ್ಟು ಬಟ್ಟೆಯಲ್ಲೇ ಇತ್ತು. ಅಮೆರಿಕದ ನಾಸಾ ಸಂಸ್ಥೆಯ ನೆರವಿನಿಂದ ಪರೀಕ್ಷಿಸಿದ್ದು. ಹೊಲಿಗೆಯಿಲ್ಲ, ಬೆಸುಗೆ ಮಾತ್ರ. ಅಲ್ಲಲ್ಲಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಪಟ್ಟಿ. ಮೈಯನ್ನು ಹಿಂಡಿ ನಯ ಮಾಡುವ ಇದನ್ನು ತೊಡಲು ಅರ್ಧ ಗಂಟೆ ಹಿಡಿಯುತ್ತಿತ್ತು. ಬೆಲೆ 500 ಡಾಲರಿಗೂ ಮೇಲೆ. ಮರುವರ್ಷ ಬೇರೆ ಕಂಪೆನಿಗಳು ಇಡೀ ಉಡುಪನ್ನೇ ಪ್ಲಾಸ್ಟಿಕ್ಕಿನಲ್ಲಿ ತಂದವು. 2009ರ ರೋಮ್ ಸ್ಪರ್ಧೆಯೊಂದರಲ್ಲೇ 43 ವಿಶ್ವದಾಖಲೆಗಳು! ದುಡ್ಡಿದ್ದವರು ತೇಲಿದರು ಎಂದರೆ ಅದು ಬರೀ ಮಾತಿನ ಚಮತ್ಕಾರವಲ್ಲ.

2010ರ ಜನವರಿ 1ರಿಂದ ಅಂಥ ಉಡುಪು ನಿಷೇಧವಾಯಿತು. ನೀರು ಹಾಯುವ ಬಟ್ಟೆಯೇ ಆಗಬೇಕು; ಹೆಂಗಸರಿಗೆ ಭುಜದಿಂದ ಮಂಡಿಯವರೆಗೆ, ಗಂಡಸರಿಗೆ ಸೊಂಟದಿಂದ ಮಂಡಿಯವರೆಗೆ. ಒಳ್ಳೆಯದೇ ಆಯಿತು. ಆದರೆ ದಾಖಲೆಗಳನ್ನು ಅಳಿಸಲಿಲ್ಲ. 200 ಮೀಟರ್ ಫ್ರೀಸ್ಟೈಲಿನಲ್ಲಿ ಇಟಲಿಯ ಫೆಡೆರಿಕಾ ಪೆಲ್ಲೆಗ್ರಿನಿ ರೋಮಿನಲ್ಲಿ ಮಾಡಿದ ದಾಖಲೆ ಮುರಿದದ್ದು 2023ರಲ್ಲಿ. 14 ವರ್ಷ ಬಟ್ಟೆ ತೊಟ್ಟ ಹುಡುಗಿಯರು ಪ್ಲಾಸ್ಟಿಕ್ಕಿನ ಕಾಲದ ಗಡಿಯಾರವನ್ನು ಬೆನ್ನಟ್ಟಬೇಕಾಯಿತು. ಇದು ಯಾವ ನ್ಯಾಯ?

ಅದೇ 200 ಮೀಟರಿನಲ್ಲಿ ನಮ್ಮ ಬೆಂಗಳೂರಿನ ಇಬ್ಬರು ಒಲಿಂಪಿಕ್ಸಿಗೆ ಹೋಗಿದ್ದರು. 2000ದಲ್ಲಿ ಸಿಡ್ನಿಗೆ ನಿಶಾ ಮಿಲ್ಲೆಟ್. ಮೈತುಂಬ ಮುಚ್ಚುವ ಉಡುಪುಗಳು ಆಗ ಹೊಸದಾಗಿ ಬಂದಿದ್ದವು. 2024ರಲ್ಲಿ ಪ್ಯಾರಿಸಿಗೆ 14 ವರ್ಷದ ಧಿನಿಧಿ ದೇಸಿಂಗು. ಇಬ್ಬರೂ ತಮ್ಮ ಹೀಟಿನಲ್ಲಿ ಮೊದಲಿಗರು, ಇಬ್ಬರೂ ಸೆಮಿಫೈನಲಿಗೆ ಏರಲಿಲ್ಲ. ಧಿನಿಧಿಯ ಹೊತ್ತಿಗೆ ಬಟ್ಟೆಯ ನಿಯಮ ಎಲ್ಲರಿಗೂ ಒಂದೇ. ಕೊಳದ ಮಾತು ಹಾಗಲ್ಲ. ಮಂಗಳೂರಿನ ಎಮ್ಮೆಕೆರೆಯಲ್ಲಿ ಅಂತರರಾಷ್ಟ್ರೀಯ ಮಟ್ಟದ ಈಜುಕೊಳ ತೆರೆದದ್ದು 2023ರಲ್ಲಿ. ಗುರುವಾಯನಕೆರೆಯ ಹುಡುಗಿ ಅಲ್ಲಿ ಅಭ್ಯಾಸ ಮಾಡಬೇಕೆಂದರೆ ಬೆಳಗಿನ ಬಸ್ಸು ಹಿಡಿದು 60 ಕಿಲೋಮೀಟರಿನಷ್ಟು ಹೋಗಬೇಕು, ಶಾಲೆಯ ಹೊತ್ತಿಗೆ ಹಿಂದೆ ಬರಬೇಕು.