ಕುರಿಗಾಗಿ ಅರೆದ ಮಸಾಲೆ

‘ಕುರಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಕುರಿಯ ಹೊಟ್ಟೆಗೆಂದೇ ಮಸಾಲೆ ಅರೆಯುತ್ತಿದ್ದ ಜನರೂ ನಮ್ಮ ನಾಡಿನಲ್ಲಿದ್ದರು. ಈಗಲೂ ಅಲ್ಲಲ್ಲಿ ಇದ್ದಾರೆ. ಓಮ, ಬೆಳ್ಳುಳ್ಳಿ, ಅರಿಶಿನ, ಉಪ್ಪು ಇವನ್ನು ಅರೆದು, ಬಿದಿರಿನ ಗೊಟ್ಟದಲ್ಲಿ ಮರಿಯ ಬಾಯಿಗೆ ಎತ್ತುವುದು ಕರ್ನಾಟಕದ ಕುರುಬರಿಗೂ ಮಹಾರಾಷ್ಟ್ರದ ಧನಗರರಿಗೂ ತಲೆಮಾರುಗಳಿಂದ ಬಂದ ರೂಢಿ. ದೀಪಾವಳಿ ಕಳೆದ ಮೇಲೆ ಕೊಂಕಣದತ್ತ ಇಳಿಯುವ ಧನಗರರ ಮಂದೆಗಳನ್ನು ಪುಣೆ, ಮುಂಬಯಿಗಳ ನಮ್ಮ ಓದುಗರು ಘಾಟಿಯ ದಾರಿಯಲ್ಲಿ ಕಂಡಿರಬಹುದು. ಆ ಮಂದೆಯ ಜೊತೆಗೆ ಒಂದು ವೈದ್ಯವೂ ನಡೆದು ಬರುತ್ತದೆ ಎಂಬುದು ಮಾತ್ರ ನಮ್ಮ ಗಮನಕ್ಕೆ ಬರುವುದಿಲ್ಲ.

ಪಶುವೈದ್ಯವನ್ನು ಬರೆದಿಟ್ಟ ಹೆಮ್ಮೆ ಕನ್ನಡಕ್ಕಿದೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ಸುಮಾರು 1125ರಲ್ಲಿ ‘ಗೋವೈದ್ಯ’ವನ್ನು ರಚಿಸಿದ. ಸುಮಾರು 1400ರಲ್ಲಿ ಅಭಿನವಚಂದ್ರ ‘ಅಶ್ವವೈದ್ಯ’ವನ್ನು ಬರೆದ. ಹಸು ಪೂಜ್ಯ, ಎತ್ತು ಉಳುಮೆಗೆ ಬೇಕು, ಕುದುರೆ ಯುದ್ಧಕ್ಕೆ ಬೇಕು. ಆದ್ದರಿಂದ ಅವುಗಳ ಆರೈಕೆಗೆ ಅರಮನೆಯ ಲೇಖನಿ ಒದಗಿತು. ಊರೂರು ಅಲೆಯುವವರ ಸಂಪತ್ತಾದ ಕುರಿಗೆ ಅಂಥ ಆಶ್ರಯ ದೊರೆಯಲಿಲ್ಲ. ಅದರ ಶಾಸ್ತ್ರ ಅಜ್ಜನ ಬಾಯಿಂದ ಮೊಮ್ಮಗನ ಕಿವಿಗೆ, ಹಟ್ಟಿಯಿಂದ ಹಟ್ಟಿಗೆ ಸಾಗಿ ಬಂತು.

ಆ ಶಾಸ್ತ್ರದ ಹೆಚ್ಚಿನ ಭಾಗ ಮರಿಯ ಬೆಳವಣಿಗೆಯನ್ನು ಕುರಿತದ್ದು. ಹುಟ್ಟಿದ ಮರಿಗೆ ಮೊದಲು ಗಿಣ್ಣದ ಹಾಲು. ಎರಡು ಮೂರು ವಾರಗಳಲ್ಲಿ ಅದು ಎಳೆ ಸೊಪ್ಪನ್ನು ಮೂಸತೊಡಗುತ್ತದೆ. ಮೆಲುಕು ಹಾಕುವ ಹೊಟ್ಟೆ ಬಲಿಯಲು ಸುಮಾರು ಎರಡು ತಿಂಗಳು ಬೇಕು. ಈ ಸಂಧಿಕಾಲದಲ್ಲೇ ಮಳೆಗಾಲದ ಹಸಿ ಹುಲ್ಲಿನೊಂದಿಗೆ ಜಂತುಹುಳು ಒಳಸೇರಿ ರಕ್ತ ಹೀರುತ್ತದೆ. ಮರಿ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ಇದಕ್ಕೆ ಕುರಿಗಾರ ಬಳಸಿದ್ದು ಬೇವಿನ ಸೊಪ್ಪು ಮತ್ತು ಮುತ್ತುಗದ ಬೀಜ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ದೋಟಿಯಿಂದ ಉದುರಿಸಿದ ಜಾಲಿಕಾಯಿಯೇ ಮರಿಗೆ ಮೇವೂ ಹೌದು, ಮದ್ದೂ ಹೌದು. ತಾಯಿಗೆ ಹಾಲು ಹೆಚ್ಚಲು ಶತಾವರಿ. ಆ ಬೇರಿಗೆ ನಮ್ಮವರಿಟ್ಟ ಹೆಸರು ‘ಹಲವು ಮಕ್ಕಳ ತಾಯಿ’.

ಇಂಗ್ಲಿಷರ ಕಾಲದಲ್ಲಿ ಹೊಸ ಪಶುವೈದ್ಯ ಬಂತು. 1886ರಲ್ಲಿ ಮುಂಬಯಿಯ ಪರೇಲಿನಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. 1889ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪ್ರಯೋಗಶಾಲೆ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಈ ವಿದ್ಯೆಯ ಉಪಕಾರ ಸಣ್ಣದಲ್ಲ. ಹಟ್ಟಿಗಳನ್ನು ಬರಿದು ಮಾಡುತ್ತಿದ್ದ ದೊಡ್ಡರೋಗ ಲಸಿಕೆಯಿಂದಲೇ ತೊಲಗಿತು. ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಸಾರಲಾಯಿತು. ಅಂಥ ರೋಗವನ್ನು ಬೇವು ಬೆಳ್ಳುಳ್ಳಿಗಳು ತಡೆಯಲಾರವು ಎಂಬುದನ್ನು ನಾವು ಒಪ್ಪಲೇಬೇಕು.

ಜಂತುಹುಳುವಿನ ಕಥೆ ಬೇರೆ. 1961ರಲ್ಲಿ ಥಯಾಬೆಂಡಜೋಲ್ ಎಂಬ ಔಷಧ ಬಂದಾಗ ಕುರಿಸಾಕಣೆಯ ಕಷ್ಟ ತೀರಿತೆಂದೇ ಎಲ್ಲರೂ ಬಗೆದರು. ಮೂರೇ ವರ್ಷಗಳಲ್ಲಿ, 1964ಕ್ಕೆ, ಅದಕ್ಕೆ ಜಗ್ಗದ ಹುಳುಗಳು ಅಮೆರಿಕದಲ್ಲಿ ಕಾಣಿಸಿಕೊಂಡವು. ಮುಂದೆ ಬಂದ ಔಷಧಗಳಿಗೂ ಇದೇ ಗತಿಯಾಯಿತು; ನಮ್ಮ ದೇಶದ ಮಂದೆಗಳೂ ಇದಕ್ಕೆ ಹೊರತಾಗಲಿಲ್ಲ. ಇತ್ತ ಬೇಗ ಮೈದುಂಬಲೆಂದು ಪಶುಗಳ ಮೇವಿಗೆ ಆಂಟಿಬಯೋಟಿಕ್ ಬೆರೆಸುವ ಪದ್ಧತಿಯನ್ನು ಸ್ವೀಡನ್ 1986ರಲ್ಲಿ ನಿಷೇಧಿಸಿತು. 2006ರ ಜನವರಿಯಿಂದ ಐರೋಪ್ಯ ಒಕ್ಕೂಟವೂ ಅದನ್ನು ಪೂರ್ತಿಯಾಗಿ ನಿಲ್ಲಿಸಿತು. ಆಗ ವಿಜ್ಞಾನಿಗಳ ದೃಷ್ಟಿ ಮತ್ತೆ ಗಿಡಮೂಲಿಕೆಗಳತ್ತ ಹೊರಳಿತು. ಹಿತ್ತಲ ಗಿಡ ಮದ್ದಾಯಿತು!

ಜಾಲಿಯಂಥ ಗಿಡಗಳಲ್ಲಿರುವ ಒಗರು, ಅಂದರೆ ಟ್ಯಾನಿನ್, ಇಂದು ಪ್ರಯೋಗಶಾಲೆಗಳಲ್ಲಿ ಪರೀಕ್ಷೆಗೆ ಒಳಗಾಗಿದೆ. ಹಿತಮಿತವಾಗಿದ್ದರೆ ಮೇವಿನ ಪ್ರೋಟೀನು ಮೊದಲ ಹೊಟ್ಟೆಯಲ್ಲೇ ಕರಗಿಹೋಗದಂತೆ ಕಾಪಾಡಿ ಕರುಳಿಗೆ ತಲುಪಿಸುತ್ತದೆ. ಹುಳುವಿನ ಕಾಟವನ್ನೂ ತಗ್ಗಿಸುತ್ತದೆ. ಒಣ ಮೇವಿನಲ್ಲಿ ಶೇಕಡಾ 2ರಿಂದ 4ರಷ್ಟು ಹಿತ. 5 ಮೀರಿದರೆ ಮರಿ ಮೇಯುವುದು ಕಡಿಮೆಯಾಗುತ್ತದೆ. ಕುರಿಗಾರನ ಬಳಿ ತಕ್ಕಡಿ ಇರಲಿಲ್ಲ. ಆದರೆ ಅವನ ಮಂದೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಇಂದು ಜಾಲಿ, ನಾಳೆ ಕೊಯ್ದ ಹೊಲದ ಕೂಳೆ, ನಾಡಿದ್ದು ಗುಡ್ಡದ ಹುಲ್ಲು ಎಂದು ಮೇಯುತ್ತ ಸಾಗುವ ಮರಿಗೆ ಯಾವ ಒಗರೂ ಅತಿಯಾಗುತ್ತಿರಲಿಲ್ಲ. ಒಂದೇ ನೆಲದ ಹುಳು ಮತ್ತೆ ಮತ್ತೆ ಹೊಟ್ಟೆ ಸೇರುವುದೂ ಕಡಿಮೆಯಾಗುತ್ತಿತ್ತು. ದಾರಿಯೇ ಅವನ ತಕ್ಕಡಿಯಾಗಿತ್ತು.

ಆದ್ದರಿಂದಲೇ ಮೂಲಿಕೆಯ ಪುಡಿ ಪೊಟ್ಟಣದಲ್ಲಿ ಬಂದ ಮಾತ್ರಕ್ಕೆ ಹಳೆಯ ವಿದ್ಯೆ ಉಳಿಯಿತೆಂದು ನಾವು ಸಮಾಧಾನ ಪಡುವಂತಿಲ್ಲ. ಗೋಮಾಳಗಳು ಒತ್ತುವರಿಯಾಗಿವೆ, ಬದುವಿನ ಜಾಲಿ ಕೊಡಲಿಗೆ ಬಿದ್ದಿದೆ, ಕುರಿಗಾರನ ಮಗ ನಮ್ಮಂತೆಯೇ ಕೆಲಸ ಹುಡುಕಿ ಪಟ್ಟಣ ಸೇರಿದ್ದಾನೆ. ಬರೆದಿಡದ ಶಾಸ್ತ್ರ ಬಲ್ಲವರೊಡನೆಯೇ ಹೋಗುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋದಾಗ ಹಟ್ಟಿಯ ಹಿರಿಯರೊಬ್ಬರ ಬಳಿ ಮಕ್ಕಳೊಡನೆ ಕುಳಿತು, ಯಾವ ಗಿಡ, ಯಾವ ತಿಂಗಳು, ಎಷ್ಟು ಹಿಡಿ ಎಂದು ಕೇಳಿ ಬರೆದುಕೊಂಡರೆ ಅದು ಸಣ್ಣ ಕೆಲಸವೇನಲ್ಲ. ಕೀರ್ತಿವರ್ಮ ಹಸುವಿಗೆ ಮಾಡಿದ್ದನ್ನು ಕುರಿಗಾಗಿ ನಾವು ಒಂದು ನೋಟುಬುಕ್ಕಿನಷ್ಟಾದರೂ ಮಾಡಬಹುದು.